ಮಹೀನಾ ಎಂದರೆ ಸಂಬಳವಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಾನು ನಿಮ್ಮ ಇಲಾಖೆಯ ನೌಕರನಲ್ಲ. ಆದರೂ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಹಿಂದಿ ಮಾತಾಡುವ ರೋಗಿ ಬಂದರೆ ಮೊದಲು ನನಗೆ ಫೋನ್ ಬರುತ್ತದೆ. ದಯವಿಟ್ಟು ನನ್ನನ್ನು ಈ ಕೆಲಸದಿಂದ ಬಿಡಿಸಿ. ತಿಪಟೂರಿನ ಕೊಬ್ಬರಿ ಲಾರಿ ಓಡಿಸಿಕೊಂಡು ಉತ್ತರದ ಕಡೆ ತಿರುಗಿ ಕಲಿತ ಹಿಂದಿ ನನ್ನದು. ಡೀಸೆಲ್, ಟೋಲ್, ಢಾಬಾ, ಪೊಲೀಸು, ಇಷ್ಟರಲ್ಲಿ ನಾನು ಪಂಡಿತ. ಹೆಂಗಸರ ಕಾಯಿಲೆ ಆ ದಾರಿಯಲ್ಲಿ ಎಲ್ಲೂ ಸಿಗಲಿಲ್ಲ ಸ್ವಾಮಿ.

ಮೊನ್ನೆ ನಾರಿನ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬಿಹಾರದ ರಿಂಕು ದೇವಿ ಹೊಟ್ಟೆನೋವೆಂದು ಬಂದಿದ್ದಳು. ಡಾಕ್ಟರು ಕೇಳಿದ್ದನ್ನು ನಾನು ಹಿಂದಿಯಲ್ಲಿ ಕೇಳಿದೆ. ಆಕೆ ಗೋಡೆ ನೋಡಿಕೊಂಡು, "ಮಹೀನಾ ನಹೀಂ ಆಯಾ" ಅಂದಳು. ತಿಂಗಳು ಬಂದಿಲ್ಲ ಅಂದರೆ ನನ್ನಂಥ ಡ್ರೈವರಿಗೆ ಇನ್ನೇನು ಹೊಳೆಯಬೇಕು? ತಿಂಗಳ ಸಂಬಳ ಬಂದಿಲ್ಲವಂತೆ ಎಂದುಬಿಟ್ಟೆ. ನಾನೇನು ಲೇಬರ್ ಆಫೀಸರಾ ಎಂದು ಡಾಕ್ಟರು ನಕ್ಕರು, ನರ್ಸು ನಕ್ಕರು, ನಾನೂ ನಕ್ಕೆ. ಆಕೆ ಸೆರಗನ್ನು ಮುಖದ ಮೇಲೆಳೆದುಕೊಂಡು, ಗ್ಯಾಸಿನ ಮಾತ್ರೆ ಹಿಡಿದು ಹೊರಟುಹೋದಳು.

ಮನೆಯಲ್ಲಿ ಇದನ್ನು ತಮಾಷೆಯೆಂದು ಹೇಳಿದೆ. ನನ್ನ ಹೆಂಡತಿ ಆಶಾ ನಗಲಿಲ್ಲ. ಹಿಂದಿಯ ಒಂದಕ್ಷರ ಬರದಿದ್ದರೂ ಆಕೆ ಉಳಿದುಕೊಂಡಿರುವ ಫ್ಯಾಕ್ಟರಿ ಶೆಡ್ಡಿಗೆ ಹೋಗಿ, ಕೈಸನ್ನೆಯಲ್ಲೇ ವಿಚಾರಿಸಿಕೊಂಡು ಬಂದಳು.

"ಸಂಬಳ ಅಲ್ಲ ಕಣ್ರೀ. ಅವಳಿಗೆ ಮುಟ್ಟು ನಿಂತೈತೆ. ಒಂದು ಪಕ್ಕ ಹೊಟ್ಟೆ ಹಿಡ್ಕೊಂಡು ಮುದುಡಿ ಮಲಗವ್ಳೆ."

ಮರುದಿನ ಆಶಾ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಭಾಷೆ ಬಲ್ಲವರಿಲ್ಲದೆ ನೋಡುವುದು ಹೇಗೆಂದು ಅಲ್ಲಿಯವರು ಮತ್ತೆ ನನಗೇ ಫೋನ್ ಮಾಡಿದರು. ಹೋದೆ. ನನ್ನ ಮುಖ ಕಂಡದ್ದೇ ರಿಂಕು ದೇವಿ ಬೆಂಚಿನಿಂದೆದ್ದು ನಡೆದೇಬಿಟ್ಟಳು. ಈಗ ಆಸ್ಪತ್ರೆಯವರು ನಾನಿಲ್ಲದೆ ನೋಡುವುದಿಲ್ಲ, ಆಕೆ ನಾನಿದ್ದರೆ ಬರುವುದಿಲ್ಲ. ನಾನೆಲ್ಲಿ ನಿಲ್ಲಲಿ, ನೀವೇ ಹೇಳಿ? ನಿಮ್ಮ ಮನೆಯ ಹೆಣ್ಣುಮಕ್ಕಳು ಮುಟ್ಟಿನ ವಿಷಯವನ್ನು ಲಾರಿ ಡ್ರೈವರನ ಬಾಯಲ್ಲಿ ಹೇಳಿಸುತ್ತಾರೆಯೇ? ನಮ್ಮ ಸೀಮೆಯ ಕಾಯಿ ಸುಲಿಯಲು, ನಾರು ತೆಗೆಯಲು ಈ ಜನ ಬೇಕು. ಅವರ ನಾಚಿಕೆಗೆ ಒಂದಿಷ್ಟು ಮರ್ಯಾದೆ ಬೇಡವೇ? ಆಸ್ಪತ್ರೆಯ ಗೋಡೆಯ ಮೇಲೆ 'ಎಲ್ಲರಿಗೂ ಆರೋಗ್ಯ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದೀರಿ. ಅದನ್ನೂ ಆಕೆಗೆ ನಾನೇ ಓದಿ ಹೇಳಬೇಕೇನೋ.

ಹಿಂದಿ ಬಲ್ಲ ಒಬ್ಬ ಹೆಂಗಸನ್ನು ಇಂದೇ ಕಳಿಸಿ. ಅದಾಗದಿದ್ದರೆ ನಿಮ್ಮ ಕಚೇರಿಯಲ್ಲಿ ಹಿಂದಿ ಬಲ್ಲ ಯಾರಾದರೂ ಹೆಣ್ಣುಮಗಳು ಫೋನಿನಲ್ಲಾದರೂ ಆಕೆಯೊಂದಿಗೆ ಮಾತಾಡಲಿ. ನೋವು ಇನ್ನೂ ನಿಂತಿಲ್ಲ. ಆಶಾ ಶೆಡ್ಡಿನ ಬಾಗಿಲಲ್ಲೇ ಕೂತಿದ್ದಾಳೆ, ಆಸ್ಪತ್ರೆಗೆ ಕರೆದೊಯ್ಯಲು ನನ್ನ ಗಾಡಿಯೂ ಅಲ್ಲೇ ನಿಂತಿದೆ. ನಾನು ಬರೀ ಗಾಡಿ ಓಡಿಸುತ್ತೇನೆ, ಹಿಂದೆ ತಿರುಗಿಯೂ ನೋಡುವುದಿಲ್ಲ. ಇಷ್ಟನ್ನು ಆಕೆಗೆ ಹೇಳುವವರೊಬ್ಬರು ಬೇಕು.

ಇಂತಿ,
ನಿಮ್ಮ ಆಸ್ಪತ್ರೆಯ ಸಂಬಳವಿಲ್ಲದ ನಾಲಿಗೆ,
ರಂಗರಾಜು, ಲಾರಿ ಡ್ರೈವರ್