ನಮ್ಮ ಗೋಡೆಗೆ ಬರಬೇಕಿದ್ದ ನೋಟೀಸು

ವಿಕಿರಣ ಸುರಕ್ಷತಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನನ್ನು ವಿಕಿರಣದಿಂದ ಕಾಪಾಡಲೆಂದು ತಾವು ಹೊರಡಿಸಿದ ಆದೇಶ ಕೈಸೇರಿದೆ. ವಿಚಾರಣೆ ಮುಗಿಯುವವರೆಗೆ ನಾನು ಎಕ್ಸ್‌ರೇ ಕೋಣೆಗೆ ಕಾಲಿಡದೆ, ಮೊಲೆಹಾಲು ಕುಡಿಯುವ ಮಗುವಿನ ಜೊತೆ ಮನೆಯಲ್ಲೇ ಇರಬೇಕಂತೆ. ತಮ್ಮ ಕಾಳಜಿ ದೊಡ್ಡದು. ತೊಂದರೆ ಒಂದೇ, ಆ ವಿಕಿರಣ ಬಂದಿದ್ದೇ ಮನೆಯಿಂದ.

ನಾನು ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ನಮ್ಮ ಎದೆಯ ಮೇಲೊಂದು ಬ್ಯಾಡ್ಜ್ ಇರುತ್ತದೆ. ತಾಗಿದ ವಿಕಿರಣವನ್ನೆಲ್ಲ ಅದು ಸದ್ದಿಲ್ಲದೆ ಕೂಡಿಟ್ಟುಕೊಳ್ಳುತ್ತದೆ, ಆಗಾಗ ತಮ್ಮ ಕಚೇರಿ ತರಿಸಿಕೊಂಡು ನೋಡುತ್ತದೆ. ಹೆರಿಗೆ ರಜೆಗೆ ಹೊರಡುವಾಗ ಅದನ್ನು ಒಪ್ಪಿಸಿ ಬರಬೇಕಿತ್ತು, ಮರೆತು ಕೋಟಿನ ಜೊತೆ ಮನೆಗೆ ತಂದೆ. ನಮ್ಮತ್ತೆ ಅದನ್ನು ಗುರುತಿನ ಚೀಟಿ ಅಂದುಕೊಂಡು, "ಕಳೆದುಗಿಳೆದು ಹೋದೀತು" ಅಂತ ಒಳಕೋಣೆಯ ಗೋಡೆಯ ಮೊಳೆಗೆ ತಗುಲಿಹಾಕಿದರು. ಆಮೇಲೆ ನಾನೂ ಮಗಳೂ ಮಲಗಿದ್ದು ಅದೇ ಕೋಣೆಯಲ್ಲಿ. ರಜೆ ಮುಗಿದ ಮೇಲೆ ಒಪ್ಪಿಸಿ ತಮ್ಮ ಕಚೇರಿಗೆ ಹೋದಾಗ, ಅಷ್ಟು ದಿನ ಯಂತ್ರದ ಮುಖವನ್ನೇ ಕಾಣದ ಆ ಬ್ಯಾಡ್ಜ್, ನಾನು ಮೈಮುರಿದು ದುಡಿಯುವಾಗಲೂ ತೋರಿಸದಷ್ಟು ವಿಕಿರಣ ತೋರಿಸಿತು. ಇಷ್ಟು ಅಜಾಗರೂಕತೆಯಿಂದ ಕೆಲಸ ಮಾಡಿದ್ದೇಕೆಂದು ತಾವು ಕೇಳಿದಿರಿ.

ಕೆಲಸವನ್ನೇ ಮಾಡದೆ ಅಜಾಗರೂಕಳಾಗುವ ವಿದ್ಯೆ ನನಗೆ ಗೊತ್ತಿಲ್ಲ, ಮಾನ್ಯರೇ. ಕಾರಣ ಆ ಗೋಡೆ. ಹಿತ್ತಲಿನ ಗುಡ್ಡದ ಗ್ರಾನೈಟ್ ಒಡೆಸಿ ನಮ್ಮ ಮಾವ ಕಟ್ಟಿಸಿದ್ದು. ಗ್ರಾನೈಟಿನಲ್ಲಿ ಚೂರು ಯುರೇನಿಯಂ, ಚೂರು ಥೋರಿಯಂ, ಸಾಕಷ್ಟು ಪೊಟ್ಯಾಸಿಯಂ ಇರುತ್ತವೆ. ಭೂಮಿ ಹುಟ್ಟಿದಾಗಿನಿಂದಲೂ ಇವೆ, ಯಾವ ಕಚೇರಿಯ ಅನುಮತಿಯನ್ನೂ ಕೇಳಿಲ್ಲ. ಕೆಲವು ಕಡಲತೀರಗಳ ಕಪ್ಪು ಮರಳಿನಲ್ಲೂ ಥೋರಿಯಂ ಉಂಟು. ವಿಕಿರಣ ಸೂಸುವ ಪೊಟ್ಯಾಸಿಯಂ ಬಾಳೆಹಣ್ಣಿನಲ್ಲಿದೆ, ಈ ಪತ್ರ ಓದುತ್ತಿರುವ ತಮ್ಮ ಮೈಯಲ್ಲೂ ಇದೆ. ತಮಗೆ ತಾವೇ ನೋಟೀಸು ಕೊಟ್ಟುಕೊಳ್ಳುವಿರಾ?

ಇದನ್ನು ವಿವರಿಸಲು ತಮ್ಮ ಕಚೇರಿಗೂ ಬಂದಿದ್ದೆ. ಮೆಟ್ಟಿಲು, ಕಂಬ, ಕೌಂಟರು ಎಲ್ಲವೂ ಫಳಫಳ ಗ್ರಾನೈಟ್. ಅದರ ಮೇಲೆ ಮೊಣಕೈಯೂರಿ ಗುಮಾಸ್ತರು ಹೇಳಿದರು:

"ನೋಡಿ ಮೇಡಂ, ಪ್ರಕೃತಿ ನಮ್ಮ ವ್ಯಾಪ್ತಿಗೆ ಬರಲ್ಲ. ನಾವು ಯಂತ್ರದ್ದು ಮಾತ್ರ ನೋಡೋದು."

"ಇದು ಯಂತ್ರದ್ದಲ್ಲವಲ್ಲ?"

"ಬ್ಯಾಡ್ಜಲ್ಲಿ ಬಂದಿದೆ ಅಂದ್ಮೇಲೆ ಯಂತ್ರದ್ದೇ ಅಂತ ಲೆಕ್ಕ."

ಎಂಥ ತರ್ಕ! ಪ್ರಕೃತಿಯದನ್ನು ತಾವು ನೋಡುವುದಿಲ್ಲ, ಆದಕಾರಣ ತಾವು ನೋಡಿದ್ದೆಲ್ಲ ಯಂತ್ರದ್ದು.

ಮನೆಗೆ ಬಂದು ಹೇಳಿದರೆ ನಮ್ಮತ್ತೆ, "ನಿಮ್ಮ ಮಾವನ ಗೋಡೆ ನಿನ್ನ ಕೆಲಸಕ್ಕೇ ಕಲ್ಲು ಹಾಕ್ತಲ್ಲೇ" ಅಂತ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, "ಅಲ್ಲ ಕಣೆ, ನಿನಗೇ ಒಳ್ಳೇದಲ್ಲ ಅಂತ ನೋಟೀಸು ಬಂದಿದೆ ಅಂದ್ಮೇಲೆ, ಮಗೂಗೆ?"

ಅಲ್ಲಿಗೆ ನನ್ನ ನಗು ನಿಂತಿತು. ಬ್ಯಾಡ್ಜ್ ತೋರಿಸಿದಷ್ಟಕ್ಕೆ ನಾನು ಹೆದರುವವಳಲ್ಲ. ಆದರೆ ಅದೇ ಯುರೇನಿಯಂ ಕಾಲಕ್ರಮದಲ್ಲಿ ಕ್ಷಯಿಸುತ್ತಾ ರೇಡಾನ್ ಎಂಬ ಅನಿಲಕ್ಕೆ ಜನ್ಮ ಕೊಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಗೋಡೆಯ ಕಲ್ಲಿನಿಂದ, ನೆಲದ ಬಿರುಕಿನಿಂದ ಬಂದು ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೇಡು. ಅದನ್ನು ಅಳೆಯುವುದು ಈ ಬ್ಯಾಡ್ಜಿನಿಂದ ಆಗದು. ಅಳೆಯುವ ಉಪಕರಣ ತಮ್ಮ ಗಾಜಿನ ಬೀರುವಿನಲ್ಲಿದೆ, ಕಣ್ಣಾರೆ ಕಂಡಿದ್ದೇನೆ. ಮಗುವಿಗೆ ಶೀತವಾದೀತೆಂದು ನಾವು ಆ ಕೋಣೆಯ ಕಿಟಕಿ ಮುಚ್ಚಿಯೇ ಇಟ್ಟಿದ್ದೆವು. ಈಗ ತೆರೆದಿದ್ದೇವೆ. ಅಷ್ಟು ಸಾಕೋ ಇಲ್ಲವೋ ನನಗೆ ಗೊತ್ತಿಲ್ಲ, ಭಯವಾಗುತ್ತಿದೆ.

ಆದ್ದರಿಂದ ನನ್ನ ಕೆಲಸದ ವಿಚಾರ ನಿಧಾನವಾಗಿ ನೋಡಿ. ಮೊದಲು ಬೀರುವಿನ ಬಾಗಿಲು ತೆಗೆದು, ಆ ಉಪಕರಣ ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ. ತಾವು ಕಾಪಾಡುವುದು ಎಕ್ಸ್‌ರೇ ಕೆಲಸದವರನ್ನು ಮಾತ್ರ ಎಂಬುದು ನನಗೆ ತಿಳಿದಿದೆ. ನನ್ನ ಮಗಳಿಗೆ ಇನ್ನೂ ಹಲ್ಲೇ ಬಂದಿಲ್ಲ, ಕೆಲಸ ಎಲ್ಲಿಂದ ಬರಬೇಕು? ಬ್ಯಾಡ್ಜ್ ಇದ್ದವರ ಮನೆಗಷ್ಟೇ ಬರುವುದಾದರೆ ತಿಳಿಸಿ, ಅವಳ ಅಂಗಿಗೂ ಒಂದನ್ನು ಸಿಕ್ಕಿಸುತ್ತೇನೆ.

ಇಂತಿ,
ತಮ್ಮ ಕೃಪೆಯಿಂದ ಮನೆಯಲ್ಲಿ ಸುರಕ್ಷಿತಳಾಗಿರುವ,
ಎಕ್ಸ್‌ರೇ ಕೋಣೆಯವಳು