ಒಂದು ಗೇಣು ದೊಡ್ಡ ಟೈರು

ಕರೂರು, ಸಿರುಗುಪ್ಪ ತಾಲ್ಲೂಕು
18 ಜೂನ್ 2025, ಬುಧವಾರ

ಪ್ರೀತಿಯ ಅಜ್ಜಾ,

ನಿನ್ನ ಕೈ ಸೊಟ್ಟ ಅಲ್ಲ, ಟ್ರ್ಯಾಕ್ಟರಿನ ಹಿಂದಿನ ಟೈರುಗಳೇ ಒಂದಕ್ಕೊಂದು ಜೋಡಿಯಾಗಿರಲಿಲ್ಲ. ಇದನ್ನು ಮೊದಲು ಬರೆಯದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಈಗ ಕೇಳುತ್ತೇನೆ, ಹೇಗಿದ್ದೀಯ? ಆಪರೇಷನ್ ಆದ ಕಣ್ಣಿಗೆ ಗದಗಿನ ಮಾಮ ದಿನಾ ಮರೆಯದೆ ಹನಿ ಹಾಕುತ್ತಿದ್ದಾನೆಯೇ? ಮಂಡಿನೋವು ಹೇಗಿದೆ? ಫೋನಿನಲ್ಲಿ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧ ನೀನು ನಂಬುವುದಿಲ್ಲ. ಅದಕ್ಕೇ ಈ ಕಾಗದ, ಅದಕ್ಕೇ ಇಷ್ಟು ದಪ್ಪ ಅಕ್ಷರ. ಕಾನ್ವೆಂಟಿನಲ್ಲಿ ಓದಿದವಳ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀನೇ ಹಿಡಿದು ಕೂರಿಸಿಕೋ.

ಮದುವೆಯಲ್ಲಿ ನಿನ್ನ ಪುಟ್ಟ ಹಳೇ ಟ್ರ್ಯಾಕ್ಟರನ್ನು ನನಗೆ ಉಡುಗೊರೆ ಕೊಟ್ಟಾಗ ಚಪ್ಪರದಲ್ಲಿದ್ದವರೆಲ್ಲ ನಕ್ಕರು, ನೀನು ನಗಲಿಲ್ಲ. ‘ನನ್ನ ಕೈಲೆ ಸಾಲು ನೆಟ್ಟಗ ಬರಂಗಿಲ್ಲವ್ವಾ, ಇನ್ನ ನಾ ಅದರ ಮ್ಯಾಲೆ ಕೂಡಂಗಿಲ್ಲ’ ಅಂದೆ. ನನಗೆ ತಿಳಿವಳಿಕೆ ಬಂದಾಗಿನಿಂದ ಕುರುಗೋಡಿನ ಹೊಲಕ್ಕೆ ಬುತ್ತಿ ತಂದ ಅಜ್ಜಿ ಬದುವಿನ ಮೇಲೆ ನಿಂತು ‘ನಿಮ್ಮ ಸಾಲು ನೋಡ್ರಿ, ನಾಯಿ ಬಾಲ ಆಗೈತಿ’ ಎನ್ನುತ್ತಿದ್ದಳು. ನೀನು ನಕ್ಕು ರೊಟ್ಟಿ ಮುರಿಯುತ್ತಿದ್ದೆ. ಆ ಮಾತು ನಿನ್ನೊಳಗೆ ಇಷ್ಟು ಆಳಕ್ಕೆ ಇಳಿದಿದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಅದಕ್ಕೇ ಹಟ ಹಿಡಿದೆ, ಗದ್ದೆಗೆ ಕಾಲುವೆ ನೀರು ಬಿಡುವ ಮೊದಲು ನಿನ್ನ ಟ್ರ್ಯಾಕ್ಟರ್ ಇಲ್ಲಿ ಉಳಲೇಬೇಕು ಎಂದು.

ಹಿಂದಿನ ಟೈರುಗಳು ಬೋಳು ತಲೆಯಾಗಿದ್ದವು, ಬದಿಯ ನಂಬರೂ ಮಾಸಿಹೋಗಿತ್ತು. ಅಂಗಡಿಯಲ್ಲಿ ಅಳತೆ ಕೇಳುತ್ತಾರಲ್ಲ, ಅದಕ್ಕೆ ಸೆಣಬಿನ ಹಗ್ಗ ಸುತ್ತಿ ಅಳೆದೆ. ಬಲಗಡೆಯದು ಎಡಗಡೆಯದಕ್ಕಿಂತ ಒಂದು ಗೇಣು ಹೆಚ್ಚು. ಮೂರು ಸಲ ಅಳೆದರೂ ಅದೇ. ಇವರು ‘ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಹಗ್ಗ ಹಿಡಿಯಾದು ಕಲಿಸಂಗಿಲ್ಲೇನು’ ಎಂದು ಛೇಡಿಸಿ ತಾವೇ ಅಳೆದರು, ಅವರಿಗೂ ಒಂದು ಗೇಣೇ ಹೆಚ್ಚು ಬಂತು. (ಇವರು ಎಂದರೆ ದೊಡ್ಡಬಸವರಾಜ. ನೋಡು, ಗಂಡನ ಹೆಸರು ಬರೆದೇಬಿಟ್ಟೆ.)

ಎರಡೂ ಗಾಲಿ ಬಿಚ್ಚಿ ಟೆಂಪೋದಲ್ಲಿ ಹಾಕಿಕೊಂಡು ಬಳ್ಳಾರಿಗೆ ಹೋದೆವು. ಕೌಲ್ ಬಜಾರಿನಲ್ಲಿ ಟೈರ್ ಅಂಗಡಿ ಇಟ್ಟಿರುವ ಸುಂಕಪ್ಪ ಎಂಬ ಹಿರಿಯರು ಟೈರಿನ ಬದಿಗೆ ಚಾಕ್‌ಪೀಸ್ ಉಜ್ಜಿದರು. ಮಾಸಿದ ನಂಬರು ಬೆಳ್ಳಗೆ ಎದ್ದು ಬಂತು. ಅದು ಟೈರಿನ ಅಗಲದ ಇಂಚಂತೆ, ಅಗಲ ಹೆಚ್ಚಿದಂತೆ ಎತ್ತರವೂ ಹೆಚ್ಚಂತೆ. ಎಡಗಡೆಯದು ಹನ್ನೆರಡು ಪಾಯಿಂಟ್ ನಾಲ್ಕು, ಬಲಗಡೆಯದು ಹದಿಮೂರು ಪಾಯಿಂಟ್ ಆರು. ‘ಯವ್ವಾ, ನಿಮ್ಮ ಗಾಡಿ ಒಂದ ಕಾಲಿಗೆ ಎತ್ತರದ ಚಪ್ಪಲಿ ಹಾಕ್ಕೊಂಡು ಅಡ್ಡಾಡೈತಿ’ ಎಂದರು. ಗಾಡಿ ಎಡಕ್ಕೆ ವಾಲುತ್ತದಂತೆ, ನೇಗಿಲು ಎಡಗಡೆ ಆಳಕ್ಕೆ ಇಳಿದು ಸಾಲನ್ನು ಆ ಕಡೆಗೇ ಎಳೆಯುತ್ತದಂತೆ. ‘ಇದನ್ನ ಇಷ್ಟರ ಮಟ್ಟಿಗೆ ನೆಟ್ಟಗ ಹೊಡದಾರಂದ್ರ ಆ ಯಜಮಾನರ ಕೈ ಭಾರಿ ಗಟ್ಟಿ ಇರಬೇಕು’ ಎಂದರು. ಅಜ್ಜಾ, ನಾನು ಅಂಗಡಿಯ ಟೈರುಗಳ ನಡುವೆ ನಿಂತು ಅತ್ತುಬಿಟ್ಟೆ. ಇವರು ಕರ್ಚೀಫ್ ಹುಡುಕುತ್ತಿದ್ದರು, ಸುಂಕಪ್ಪನವರು ಚಹಾ ತರಿಸಿದರು.

ನನ್ನ ಮಾವನವರಿಗೆ ಎರಡೂ ದೊಡ್ಡ ಟೈರೇ ಬೇಕಿತ್ತು. ‘ಟೈರು ದೊಡ್ಡದಿದ್ರ ಊರಾಗ ಮರ್ಯಾದಿ’ ಎಂದು ಫೋನಿನಲ್ಲೇ ಅಪ್ಪಣೆ. ಆದರೆ ಆ ಗಾಡಿಗೆ ದೊಡ್ಡದು ಮಡ್ಗಾರ್ಡಿಗೆ ಉಜ್ಜುತ್ತದೆ ಎಂದರು ಸುಂಕಪ್ಪನವರು. ನೆನಪಿದೆಯಾ, ಚಿಕ್ಕವಳಿದ್ದಾಗ ಬಲಗಡೆಯ ಮಡ್ಗಾರ್ಡಿನ ಮೇಲೆ ಕೂತು ಸರ್ ಸರ್ ಎಂಬ ಸದ್ದು ಕೇಳುತ್ತಾ ನಿನ್ನ ಹೆಗಲಿಗೆ ಒರಗಿ ನಿದ್ದೆ ಹೋಗುತ್ತಿದ್ದೆ? ಅದು ಟೈರು ಉಜ್ಜುವ ಸದ್ದಂತೆ. ಮಾವನವರ ಮರ್ಯಾದೆಯನ್ನು ಮಾವನವರಿಗೇ ಬಿಟ್ಟು ಮೂಲದ ಹನ್ನೆರಡು ಪಾಯಿಂಟ್ ನಾಲ್ಕನ್ನೇ ಆರಿಸಿದೆ. ರಸ್ತೆಗೆ ಗಿಡ್ಡ ಹಲ್ಲಿನ ಟೈರು ಬಾಳಿಕೆ ಬರುತ್ತದೆ, ಕೆಸರಿಗೆ ಎತ್ತರದ ಹಲ್ಲಿನದೇ ಬೇಕು. ರಸ್ತೆಗೆ ಇವರ ಮನೆಯಲ್ಲಿ ಬೇರೆ ಟ್ರ್ಯಾಕ್ಟರ್ ಇದೆ, ಹಾಗಾಗಿ ನಮ್ಮದಕ್ಕೆ ಎತ್ತರದ ಹಲ್ಲು. ಎಂಥ ಕರೀ ಬಣ್ಣ, ಎಂಥ ಹೊಸ ರಬ್ಬರಿನ ವಾಸನೆ. ನನ್ನ ಮದುವೆ ಸೀರೆ ಆರಿಸುವಾಗಲೂ ಇಷ್ಟು ಖುಷಿಯಾಗಿರಲಿಲ್ಲ.

ನಿನ್ನೆ ಒಣಗದ್ದೆಯಲ್ಲಿ ನಾನೇ ಕೂತು ಒಂದು ಸಾಲು ಹೊಡೆದೆ. ಮೂರು ದಿನದ ಹಿಂದೆ ಗೇರ್ ಕಲಿತವಳು ಹೊಡೆದ ಸಾಲು ದಾರ ಹಿಡಿದಂತೆ ಬಂತು. ಮಾವನವರು ಆ ತುದಿಯಿಂದ ಈ ತುದಿಗೆ ನಡೆದು ನೋಡಿ, ‘ನಿಮ್ಮಜ್ಜನ್ನ ಕರಸು’ ಎಂದರು. ಎರಡನೆಯ ಸಾಲನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಅದು ನಿನ್ನದು.

ಮಾಮನಿಗೂ ಅತ್ತೆಗೂ ನಮಸ್ಕಾರ ಹೇಳು. ನಿನ್ನ ಪಾದ ಮುಟ್ಟಿ, ಗಲ್ಲ ಹಿಂಡಿ,

ನಿನ್ನ ಮಡ್ಗಾರ್ಡಿನ ಹುಡುಗಿ
ಪೂಜಿತಾ

ತಾ.ಕ.: ಇದನ್ನೆಲ್ಲ ಕುರುಗೋಡಿನಲ್ಲಿರುವ ಅಜ್ಜಿಗೆ ಫೋನಿನಲ್ಲಿ ಹೇಳಿದೆ. ಅದಕ್ಕೆ ಅವಳು, ‘ಆ ಬಲಗಡಿ ಟೈರು ನಾನ ತಂದಿದ್ದೆವ್ವಾ. ಅವರು ಟೈಫಾಯ್ಡ್‌ನಾಗ ಮಲಗಿದ್ರು. ಅಂಗಡ್ಯಾವ ಅದ ರೇಟಿಗೆ ದೊಡ್ಡದು ಕೊಡ್ತೀನಿ ಅಂದ, ಬಿಡಾಕ ಮನಸಾಗಲಿಲ್ಲ’ ಎಂದಳು. ಜೊತೆಗೇ, ‘ಬದುವಿನ ಮ್ಯಾಲೆ ಆಡಿದ ಮಾತು ಬದುವಿನ ಮ್ಯಾಲೇ ನಿಂತು ವಾಪಸ್ ತಗೋತೀನಿ. ಮದಲ ಅವರು ಗಾಡಿ ಮ್ಯಾಲೆ ಕೂಡ್ಲಿ’ ಎಂದಳು. ಆದ್ದರಿಂದ ನಿನ್ನನ್ನು ಗದಗಿನಿಂದ ಕರೆದೊಯ್ಯಲು ಬರುವವಳು ನಾನೊಬ್ಬಳೇ ಅಲ್ಲ, ಅಜ್ಜಿಯೂ ಬರುತ್ತಾಳೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಿಡು. 29ನೇ ತಾರೀಖು, ಭಾನುವಾರ, ಹಂಪಿ ಎಕ್ಸ್‌ಪ್ರೆಸ್.