ಸುರಿಯದ ನೀರಿಗೆ ನನ್ನ ಸಹಿ

ಪ್ರೀತಿಯ ಸಮುವೇಲ ಮಾವಾ,

ನಾನು ಒಂಬತ್ತನೇ ತರಗತಿಗೇ ಶಾಲೆ ಬಿಟ್ಟು ಹೊಸಪೇಟೆಯ ಬೀದಿ ಸುತ್ತುತ್ತಿದ್ದಾಗ ನೀನು ನನ್ನನ್ನು ನೀನು ಓಡಿಸುತ್ತಿದ್ದ ಗಣಿ ಕಂಪನಿಯ ನೀರಿನ ಟ್ಯಾಂಕರಿಗೆ ಹತ್ತಿಸಿಕೊಂಡೆ. ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಧೂಳು ಏಳದಂತೆ ನೀರು ಹೊಡೆಯುವ ಕೆಲಸ. "ಸಾಲಿ ಬಿಟ್ಟೀ ಅಂದ್ರ ಸುಳ್ಳ ಹೇಳಾಕ ಪರ್ಮಿಷನ್ ಸಿಕ್ತು ಅಂತ ತಿಳ್ಕೋಬ್ಯಾಡ ಲೇ" ಎಂದು ಮೊದಲ ದಿನವೇ ಹೇಳಿದ್ದೆ. ಯಾಕೆ ಹೇಳಿದೆ ಮಾವಾ? ಹೇಳದೆ ಹೋಗಿದ್ದರೆ ಇವತ್ತು ನನಗೆ ಟ್ಯಾಂಕರಿನ ಕೆಲಸವಾದರೂ ಇರುತ್ತಿತ್ತು.

ನಿನ್ನನ್ನು ಮಣ್ಣು ಮಾಡಿ ಬಂದ ವಾರವೇ ಟ್ಯಾಂಕರಿನ ಕೀಲಿ ನನ್ನ ಕೈಗೆ ಬಂತು. ಸಂಜೆ ಕಂಪನಿಯ ಸೂಪರ್‌ವೈಸರ್, ದಿನಕ್ಕೆ ಎಷ್ಟು ಸಲ ನೀರು ಹೊಡೆದೆವೆಂದು ಬರೆಯುವ ಟ್ರಿಪ್ ಬುಕ್ ಮುಂದಿಟ್ಟ. ನಾನು ಓಡಿಸಿದ್ದು ಎರಡೇ ಟ್ರಿಪ್.

"ಆರು ಅಂತ ಬರಿ."

"ಎರಡಲ್ರೀ ಸಾರ್?"

"ನಿಮ್ಮ ಮಾವನೂ ಹಿಂಗ ಬರೀತಿದ್ದ. ನೀ ಏನ್ ಅವನಿಗಿಂತ ದೊಡ್ಡ ಭಕ್ತನಾ?"

ಬರೆದೆ. ಹೆದರಿ ಬರೆದೆ ಎಂದರೆ ಅದೂ ಸುಳ್ಳೇ. ಟ್ಯಾಂಕರ್ ಬಿಡಲು ಮನಸ್ಸಿರಲಿಲ್ಲ, ಅದಕ್ಕೆ ಬರೆದೆ. ಮೂರು ತಿಂಗಳು, ದಿನವೂ.

ಗಾದಿಗನೂರಿನ ಕಡೆ ರಸ್ತೆ ಪಕ್ಕದಲ್ಲಿ ಚಹಾ ಮಾರುವ ಹುಲಿಗೆಮ್ಮ ನಿನಗೆ ನೆನಪಿರಬೇಕು. ತೊಳೆದ ಗ್ಲಾಸುಗಳ ಮೇಲೆ ಸದಾ ಒದ್ದೆ ಬಟ್ಟೆ ಹೊದಿಸಿರುತ್ತಾಳಲ್ಲ, ಅವಳೇ. ಒಂದು ದಿನ ಅವಳು ನನಗೆ ಚಹಾ ಕೊಡಲಿಲ್ಲ. "ಮಕ್ಳು ಕೆಮ್ಮಾಕ ಹತ್ಯಾವ ಅಂತ ಊರವ್ರೆಲ್ಲ ಸಂಡೂರಿನ ಆಫೀಸಿಗೆ ಅರ್ಜಿ ಕೊಟ್ವಿ. ಕಂಪನಿಯವ್ರು ಬುಕ್ ತಗದು ತೋರಿಸಿದ್ರು. ದಿನಾ ಆರು ಸಲ ನೀರು ಹೊಡದೀಯಂತ, ಕೆಳಗ ನಿನ್ನ ಸಹಿ ಐತಂತ. ಯಾವ ರಸ್ತಾಕ್ಕ ಹೊಡದ್ಯೋ ಯಪ್ಪಾ? ಸ್ವರ್ಗದ ರಸ್ತಾಕ್ಕೇನು?"

ಅರ್ಜಿ ಅಲ್ಲಿಗೇ ಸತ್ತಿತ್ತು. ಕೊಂದದ್ದು ನನ್ನ ಸಹಿ.

ಆ ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತು. ಒಬ್ಬರು ಮಗಳಿಗೆ ಗಂಡು ಸಿಕ್ಕಿದ್ದಕ್ಕೆ, ಒಬ್ಬರು ಕುಡಿತ ಬಿಟ್ಟಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದರು. ಎಲ್ಲರಿಗೂ ಚಪ್ಪಾಳೆ. ನಾನು ಮೈಕು ಹಿಡಿದು ಟ್ರಿಪ್ ಬುಕ್ಕಿನ ಕಥೆ ಹೇಳತೊಡಗಿದೆ. ಅರ್ಧಕ್ಕೇ ಪಾಸ್ಟರ್ "ಸ್ತೋತ್ರ, ಸ್ತೋತ್ರ" ಎಂದು ಹಾಡು ಎತ್ತಿಬಿಟ್ಟರು. ಚಪ್ಪಲಿ ಹಾಕಿಕೊಳ್ಳುವಾಗ ಸಭೆಯ ಹಿರಿಯರೊಬ್ಬರು ಹೆಗಲ ಮೇಲೆ ಕೈಯಿಟ್ಟರು. "ಸಾಕ್ಷಿ ಅಂದ್ರ ದೇವರು ಏನ್ ಮಾಡ್ಯಾನ ಅದನ್ನ ಹೇಳೂದಪ್ಪಾ. ನೀ ಏನ್ ಮಾಡೀ ಅಂತ ಯಾರ್ ಕೇಳ್ಯಾರ?" ಅವ್ವನದು ಬೇರೆ ದೂರು. "ದೇವರಿಗೆ ಮನಸಿನ್ಯಾಗ ಹೇಳಿದ್ರ ಸಾಕಿತ್ತು, ಮೈಕಿನ್ಯಾಗ ಬೇಕಿತ್ತೇನು?"

ಹಾಗಾದರೆ ಭಾನುವಾರ ಒಬ್ಬ ಯೇಸು, ಸೋಮವಾರ ಟ್ರಿಪ್ ಬುಕ್ಕಿನ ಮುಂದೆ ಇನ್ನೊಬ್ಬ ಯೇಸುವೇ? ಸಿಟ್ಟು ನೆತ್ತಿಗೇರಿತ್ತು. ಆದರೆ ಮನೆಗೆ ನಡೆಯುವಾಗ ಒಂದು ಮಾತು ಹೊಳೆದು ನಾಚಿಕೆಯಾಯಿತು. ಚರ್ಚಿನಲ್ಲಿ ಕುಳಿತವರು ಯಾರೂ ಆ ಧೂಳು ಕುಡಿದವರಲ್ಲ. ನಾನು ಹೇಳಬೇಕಾದವರಿಗೆ ಇನ್ನೂ...

ಮರುದಿನ ಹುಲಿಗೆಮ್ಮನ ಅಂಗಡಿಗೆ ಹೋದೆ. ಎಲ್ಲ ಹೇಳಿದೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆನೋ ಏನೋ. "ಮೂರು ತಿಂಗ್ಳು ಬಾಯಾಗ ಏನ್ ಇಟ್ಕೊಂಡಿದ್ದಿ?" ಎಂದು ಬೈದಳು. ಆಮೇಲೆ ಮೊಮ್ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. "ಬಾಯಿ ಮಾತು ಬ್ಯಾಡ. ಬರದು ಕೊಡು." ನನ್ನ ಒಡ್ಡೊಡ್ಡು ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಊರವರು ಅದನ್ನು ಅರ್ಜಿಯ ಜೊತೆ ಸೇರಿಸಿ ಮತ್ತೆ ಕೊಟ್ಟರು. ಆ ವಾರವೇ ಕೀಲಿ ಕಸಿದುಕೊಂಡರು. ಅವ್ವ ಊಟಕ್ಕೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ನಾನೀಗ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದೇನೆ. ಸರಿಯಾದದ್ದು ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಿದ್ದೆಯಲ್ಲ? ಆಗಿಲ್ಲ ಮಾವಾ. ಬೆನ್ನೂ ನೋಯುತ್ತದೆ, ಮನಸ್ಸೂ ನೋಯುತ್ತದೆ.

ನಿನಗೆ ಗೊತ್ತಿಲ್ಲದ ಸುದ್ದಿ ಇದು. ಊರವರ ಅರ್ಜಿಯನ್ನು ಮತ್ತೆ ತೆಗೆದುಕೊಂಡಿದ್ದಾರೆ. ಬರುವ ವಾರ ಸಂಡೂರಿನಲ್ಲಿ ಅಧಿಕಾರಿಗಳ ಮುಂದೆ ನಾನು ಹೇಳಿಕೆ ಕೊಡಬೇಕು. ಹಳೆಯ ಟ್ರಿಪ್ ಬುಕ್ಕುಗಳನ್ನೂ ತರಿಸುತ್ತಾರಂತೆ. ನಿನ್ನ ಕಾಲದವನ್ನೂ. ಸೂಪರ್‌ವೈಸರ್ ಅಂದು ಹೇಳಿದ್ದು ಸುಳ್ಳೇ ಇರಬೇಕು. ಇರಬೇಕು ಅಲ್ಲವೇ? ನಿನ್ನ ಪಕ್ಕದಲ್ಲೇ ಕುಳಿತು ಅಷ್ಟು ದಿನ ಓಡಾಡಿದೆ, ಸಂಜೆ ನೀನು ಏನು ಬರೆಯುತ್ತಿದ್ದೆ ಎಂದು ಒಮ್ಮೆಯೂ ನೋಡಲಿಲ್ಲ.

ಮೊದಲು ನನ್ನ ಸಹಿ ನನ್ನದೇ ಎಂದು ಹೇಳುತ್ತೇನೆ. ಆಮೇಲೆ ನಿನ್ನ ಪುಟ ತೆರೆದು ತೋರಿಸಿದರೆ, ಅಲ್ಲಿ ಆರು ಎಂದಿದ್ದರೆ, ನಾವು ಓಡಿಸಿದ್ದು ಎಷ್ಟು ಎಂದು ನನಗೆ ನೆನಪಿದೆ. ಅಷ್ಟನ್ನೇ ಹೇಳುತ್ತೇನೆ. ಸಿಟ್ಟಾಗಬೇಡ ಮಾವಾ.

ನಿನ್ನ ಅಳಿಯ,
ದಾನಿಯೇಲ